ದೀಪದ ಬುರುಜಿನ ಮೇಲೆ ವೃಷಭೇಂದ್ರಪ್ಪನವರು

ಮೈಸೂರಿಗೆ ಸಮುದ್ರ ಬಂದದ್ದು ಸಾವಿರದ ಒಂಬೈನೂರ ಐವತ್ತಾರನೆಯ ಇಸವಿ ನವೆಂಬರ್ ಒಂದನೆಯ ತಾರೀಕು. ಹಿಂದಿನ ರಾತ್ರಿ ಮಲಗುವಾಗ ಕೆರೆ, ಹೊಳೆ ಬಿಟ್ಟರೆ ಬೇರೆ ನೀರು ಕಾಣದಿದ್ದ ರಾಜ್ಯ, ಬೆಳಗ್ಗೆ ಏಳುವಾಗ ಕಾರವಾರದಿಂದ ಮಂಗಳೂರಿನವರೆಗೆ ಕಡಲತೀರ ಇಟ್ಟುಕೊಂಡು ಎದ್ದಿತ್ತು. ಸಂತೋಷ ಎಲ್ಲರಿಗೂ ಆಯಿತು. ಆದರೆ ಮೈಸೂರು ನಗರದ ವಿದ್ಯಾರಣ್ಯಪುರಂನಿಂದ ಹೋಗಿ, ಪಿತ್ರಾರ್ಜಿತ ಆಸ್ತಿಯನ್ನು ನೋಡಿದ ಹಾಗೆ ಆ ಸಮುದ್ರವನ್ನು ನೋಡಿಕೊಂಡು ಬಂದವರು ಒಬ್ಬರೇ: ರೈಲ್ವೆ ಪಾರ್ಸೆಲ್ ಆಫೀಸಿನ ನಿವೃತ್ತ ಗುಮಾಸ್ತರಾದ ವೃಷಭೇಂದ್ರಪ್ಪನವರು.

ಷಡ್ಡಕನ ಮಗಳ ಮದುವೆಗೆಂದು ಮಂಗಳೂರಿಗೆ ಹೋದವರು ಅಲ್ಲಿದ್ದದ್ದು ಒಂದೂವರೆ ದಿನ. ಅದರಲ್ಲಿ ಅರ್ಧ ದಿನ ಘಟ್ಟದ ಬಸ್ಸಿನಲ್ಲಾದ ವಾಂತಿಯಿಂದ ಚೇತರಿಸಿಕೊಳ್ಳುವುದಕ್ಕೆ ಹೋಯಿತು. ಉಳಿದದ್ದರಲ್ಲಿ ಮದುವೆ, ಊಟ, ಸಮುದ್ರ, ಮತ್ತು ಒಂದು ದೀಪಸ್ತಂಭ. ಹಿಂತಿರುಗಿದ ಮೇಲೆ ಅವರ ಮಾತೆಲ್ಲ "ನಾನು ಮಂಗಳೂರಲ್ಲಿದ್ದಾಗ" ಎಂದೇ ಶುರುವಾಗತೊಡಗಿತು. ಹೊಸಬರು ಕೇಳಿದರೆ, ಮನುಷ್ಯ ಬಂದರಿನಲ್ಲಿ ದೊಡ್ಡ ಹುದ್ದೆ ಮಾಡಿ ಬಂದಿರಬೇಕು ಎಂದುಕೊಳ್ಳುವಂತಿತ್ತು. ದೀಪಸ್ತಂಭದ ತುದಿ ಹತ್ತಿ ಅರಬ್ಬೀ ಸಮುದ್ರವನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದೆ ಎಂದು ಅವರು ಹೇಳುತ್ತಿದ್ದರು. ನಿಜವಾಗಿ ಅರ್ಧ ಹತ್ತುವಷ್ಟರಲ್ಲಿ ಒಂದು ಕಿಟಕಿ ಎದುರಾಗಿ, ಕೆಳಗೆ ನೋಡಿ, ತಲೆ ಸುತ್ತಿ, ಕಣ್ಣು ಮುಚ್ಚಿಕೊಂಡು ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದು ಬಂದದ್ದು ಹೆಂಡತಿ ಸುಂದರಮ್ಮನಿಗೆ ಮಾತ್ರ ಗೊತ್ತಿತ್ತು. ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ಒಳ್ಳೆಯ ಪಾತ್ರೆಯನ್ನು ದಿನಬಳಕೆಗೆ ತೆಗೆಯದೆ ಹಬ್ಬಕ್ಕೆಂದು ಎತ್ತಿಡುವ ಹೆಂಗಸು ಆಕೆ.

ಅವರ ಮನೆಗೆ ಎದುರಾಗಿ, ರಸ್ತೆ ನಂಜನಗೂಡಿನ ಕಡೆಗೆ ತಿರುಗುವಲ್ಲಿ, ದೀಪದ ಬುರುಜು ನಿಂತಿತ್ತು. ಇಟ್ಟಿಗೆ ಗಾರೆಯ ದುಂಡನೆಯ ಗೋಪುರ. ಒಳಗೆ ಸುತ್ತು ಮೆಟ್ಟಿಲು. ತುದಿಯಲ್ಲಿ ಮೊಣಕಾಲೆತ್ತರದ ಕಟ್ಟೆ. ನಡುವೆ ಕಲ್ಲಿಗೆ ಕೂರಿಸಿದ ದೊಡ್ಡ ಕಬ್ಬಿಣದ ಹಣತೆ. ಕರೆಂಟು ಬರುವುದಕ್ಕೆ ಮೊದಲು, ಹೊತ್ತು ಮುಳುಗಿದ ಮೇಲೆ ಗಾಡಿ ಹೊಡೆದುಕೊಂಡು ಬರುವ ಹಳ್ಳಿಯವರಿಗೆ ಊರು ಇಲ್ಲಿದೆ ಎಂದು ಗೊತ್ತಾಗಲಿ ಅಂತ ಅದರಲ್ಲಿ ಹೊಂಗೆ ಎಣ್ಣೆಯ ದೀಪ ಹಚ್ಚುತ್ತಿದ್ದರು. ಹಚ್ಚುತ್ತಿದ್ದವನು ಕೆಂಚಮ್ಮನ ಮಾವ. ಕರೆಂಟು ಬಂತು, ದೀಪದ ಕೆಲಸ ಹೋಯಿತು. ಆಮೇಲೆ ಮಾವ ಹೋದ, ಗಂಡನೂ ಹೋದ. ಬುರುಜಿನ ಬುಡದ ಕೋಣೆಯಲ್ಲಿ ಕೆಂಚಮ್ಮ ಒಬ್ಬಳೇ ಉಳಿದಳು. ಬಾಗಿಲಲ್ಲೇ ಒಲೆ ಹೂಡಿ ಕಡಲೆಕಾಯಿ ಹುರಿದು ಮಾರುತ್ತಿದ್ದಳು.

ಐವತ್ತೇಳರ ಶ್ರಾವಣದಲ್ಲಿ ಒಂದು ಇಲಾಖೆಯವರು ಬಂದು ಬುರುಜಿನ ಮೇಲೆ ಅಡ್ಡಕ್ಕೆ ಸುಣ್ಣದ ಗೆರೆ ಎಳೆದರು. ಯಾವ ಇಲಾಖೆ ಎಂದು ಇಲ್ಲಿ ಹೇಳುವುದಿಲ್ಲ. ಆ ವರ್ಷ ಇಲಾಖೆಗಳೆಲ್ಲ ಒಂದರೊಳಗೊಂದು ಸೇರಿಕೊಳ್ಳುತ್ತಿದ್ದುದರಿಂದ ಅದು ಆ ಇಲಾಖೆಯವರಿಗೇ ಖಚಿತವಿರಲಿಲ್ಲ. ಖಚಿತವಿದ್ದದ್ದು ಒಂದೇ: ರಸ್ತೆ ಅಗಲವಾಗಬೇಕು, ಬುರುಜು ಬೀಳಬೇಕು.

ಕೆಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೋಟೆಲ್ ಲಿಂಗಯ್ಯನ ಬಾಗಿಲಿಗೆ ಬಂದಳು. ಬೆಳಗಿನ ಇಡ್ಲಿಯ ಹೊತ್ತು, ಬೆಂಚುಗಳೆಲ್ಲ ತುಂಬಿದ್ದವು. ಮೂಲೆಯಲ್ಲಿ ವೃಷಭೇಂದ್ರಪ್ಪನವರು ಪೇಪರು ಹಿಡಿದು ಕೂತಿದ್ದರು.

"ಕೋಣೆ ಖಾಲಿ ಮಾಡು ಅಂದ್ಬುಟ್ರು ಸ್ವಾಮಿ," ಎಂದಳು. "ಎಲ್ಲಿಗೆ ಓಗ್ಲಿ ನಾನು? ಒಲೆ ಒತ್ಕಂಡು ಬೀದೀಲಿ ನಿಂತ್ಕಳ್ಳಾ?"

ಯಾರೂ ಮಾತಾಡಲಿಲ್ಲ. ಲಿಂಗಯ್ಯ ಚಟ್ನಿ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತ. ವೃಷಭೇಂದ್ರಪ್ಪನವರಿಗೆ ಒಂದು ಕಾಯಿಲೆ ಇತ್ತು. ಒಬ್ಬರೇ ಇದ್ದಾಗ ಅವರು ಬಹಳ ವಿವೇಕಿ. ಎದುರಿಗೆ ನಾಲ್ಕು ಜನ ಸೇರಿ ಸುಮ್ಮನಾದರೆ ಸಾಕು, ಮಾತು ಕೊಟ್ಟುಬಿಡುತ್ತಿದ್ದರು. ಪೇಪರು ಮಡಿಸಿದರು.

"ಅಳಬೇಡ ಕೆಂಚಮ್ಮ. ನಾನಿರೋ ತನಕ ಆ ಬುರುಜಿನ ಒಂದು ಇಟ್ಟಿಗೆ ಮುಟ್ಟೋಕೆ ಯಾರಿಗೂ ಬಿಡಲ್ಲ."

"ಎಂಗೆ ತಡೀತೀರಿ ವೃಷಭೇಂದ್ರಪ್ನೋರೇ?" ಎಂದ ಲಿಂಗಯ್ಯ.

ಹೇಗೆ ಎಂದು ಅವರು ಯೋಚಿಸಿರಲಿಲ್ಲ. ಆದರೆ ಬಾಯಿ ತೆರೆದದ್ದಾಗಿತ್ತು. ಅದರಿಂದ ಏನಾದರೂ ಹೊರಡಬೇಕಿತ್ತು.

"ಅದು ಬರೀ ಬುರುಜು ಅಂದ್ಕೊಂಡಿದೀರೇನ್ರಯ್ಯ? ದೀಪಸ್ತಂಭ ಕಣ್ರೀ ಅದು, ಲೈಟ್‌ಹೌಸು. ನಾನು ಮಂಗಳೂರಲ್ಲಿದ್ದಾಗ ಹತ್ತಿ ನೋಡಿದ್ದು ಇದೇ ಅಚ್ಚು. ಲೈಟ್‌ಹೌಸೆಲ್ಲ ಸೆಂಟ್ರಲ್ ಗೌರ್ಮೆಂಟಿಗೆ ಸೇರಿದ್ದು, ಬಾಗಿಲಲ್ಲೇ ಬೋರ್ಡು ಹಾಕಿದಾರೆ. ಈ ಇಲಾಖೆಯವನು ಮುಟ್ಟಲಿ ನೋಡೋಣ. ಡೆಲ್ಲಿಗೆ ಉತ್ತರ ಹೇಳಬೇಕಾಗುತ್ತೆ!"

"ಅದ್ಸರಿ, ಸಮುದ್ರ ಎಲ್ಲೈತೆ?" ಎಂದ ಲಿಂಗಯ್ಯ.

"ಸಮುದ್ರ ದೂರ ಇದ್ರೆ ಅದು ದೀಪದ ತಪ್ಪೇನಯ್ಯ?"

ಈ ಪ್ರಶ್ನೆಗೆ ಇಡೀ ಹೋಟೆಲಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರವಿಲ್ಲದ ಪ್ರಶ್ನೆ ಕೇಳಿದವನೇ ಗೆದ್ದವನು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ತರ್ಕಶಾಸ್ತ್ರ.

ಮಧ್ಯಾಹ್ನದೊಳಗೆ ಸುದ್ದಿ ಬೀದಿ ತುಂಬಿತು. ಪಕ್ಕದ ಮನೆಯ ಸಿದ್ದಲಿಂಗಮ್ಮನವರು ಬೆಳಗ್ಗೆ "ಲೈಟೌಸಂತೆ" ಎಂದದ್ದು, ಊಟದ ಹೊತ್ತಿಗೆ "ಹೌದು, ನಮ್ಮತ್ತೆಯೂ ಹೇಳ್ತಿದ್ರು" ಎಂದಾಯಿತು. ಸಂಜೆಗೆ ಅವರತ್ತೆ ಬುರುಜಿನ ಮೇಲಿಂದ ಕಣ್ಣಾರೆ ಹಡಗು ಕಂಡಿದ್ದರು. ತೀರಿಹೋದ ಅತ್ತೆ, ಅಲ್ಲವೆನ್ನುವ ಹಾಗಿರಲಿಲ್ಲ.

ಮನೆಯಲ್ಲಿ ಸುಂದರಮ್ಮ ತಟ್ಟೆಗೆ ಮುದ್ದೆ ಇಡುತ್ತ ಕೇಳಿದಳು: "ಮಂಗಳೂರಲ್ಲಿ ಹತ್ತಿ ನೋಡಿದ್ದು ಇದೇ ಅಚ್ಚು ಅಂದ್ರಂತೆ?"

"ಹ್ಞೂಂ."

"ಎಲ್ಲೀತನಕ ಹತ್ತಿದ್ದು ಅಂತ ಹೇಳಿದ್ರಾ?"

ವೃಷಭೇಂದ್ರಪ್ಪನವರು ಸಾರಿಗೆ ಉಪ್ಪು ಕಡಿಮೆ ಎಂದರು.

ಆ ಇಲಾಖೆಯ ಓವರ್‌ಸಿಯರ್ ಸುಂದರೇಶ ಎಂಬ ಹುಡುಗನ ಮೀಸೆ ಇನ್ನೂ ಹೊಸದು, ಸೈಕಲ್ಲೂ ಹೊಸದು. ಬೀಳಿಸಬೇಕಾದ ಬುರುಜಿನ ಎದುರಿಗೆ ಅರ್ಧ ಬೀದಿ ಸೇರಿರುವುದನ್ನು ಕಂಡು ಅವನು ಸೈಕಲ್ಲಿನಿಂದ ಇಳಿದ.

"ಸಾರ್, ನೀವು ದೊಡ್ಡೋರು. ಲೈಟ್‌ಹೌಸು ಅಂತೀರಿ. ಇಲ್ಲಿ ಹಡಗು ಎಲ್ಲಿ ಸಾರ್ ಬರ್ತದೆ?"

ಆಗ ನಂಜನಗೂಡಿನ ಕಡೆಯ ಏರಿನ ಮೇಲೆ ಹುಲ್ಲಿನ ರಾಶಿಯೊಂದು ಮೂಡಿತು. ಮೊದಲು ಅದರ ತುದಿ, ಆಮೇಲೆ ಹೊಟ್ಟೆ, ಕೊನೆಗೆ ಎರಡು ಎತ್ತು. ಎಡಕ್ಕೂ ಬಲಕ್ಕೂ ವಾಲಾಡುತ್ತ ಅದು ತೇಲಿ ಬಂತು.

"ಅದೇನು?" ಎಂದರು ವೃಷಭೇಂದ್ರಪ್ಪನವರು.

"ಹುಲ್ಲಿನ ಗಾಡಿ ಸಾರ್."

"ಮಂಗಳೂರಲ್ಲಿ ಹಡಗೂ ಹೀಗೇ ಕಣಯ್ಯ ಕಾಣೋದು. ಮೊದಲು ತಲೆ, ಆಮೇಲೆ ಬುಡ."

"ಯಾರ್ಲಾ ಅದು ದಾರೀಗಡ್ಡ?" ಎಂದು ಹುಲ್ಲಿನೊಳಗಿಂದ ಒಂದು ದನಿ ಬಂತು. ಗಾಡಿಯ ನಿಂಗಯ್ಯನ ದನಿ. ವಿಷಯ ತಿಳಿಸಿದ ಮೇಲೆ ಹುಲ್ಲನ್ನು ಸರಿಸಿ ಮುಖ ತೋರಿಸಿದ. "ನಮ್ಮಪ್ಪನ ಕಾಲ್ದಲ್ಲಿ ಈ ದೀಪ ನೋಡ್ಕಂಡೇ ಗಾಡಿ ತಿರುಗಿಸ್ತಿದ್ದದ್ದು ಸ್ವಾಮಿ. ಒಂದಿನ ದೀಪ ಅತ್ತಿಸ್ನಿಲ್ಲ. ಗಾಡಿ ಓಗಿ ಕೆರೇಗೆ ಇಳೀತು."

"ಕೇಳಿದೆಯಾ? ನೀರಿಗೇ ಇಳಿದಿದೆ!" ಎಂದರು ವೃಷಭೇಂದ್ರಪ್ಪನವರು.

ಸುಂದರೇಶ ಏರಿನ ಕಡೆ ಒಮ್ಮೆ, ಬುರುಜಿನ ಕಡೆ ಒಮ್ಮೆ ನೋಡಿದ. ಆದರೆ ಹುಡುಗ ಪೂರ್ತಿ ದಡ್ಡನಲ್ಲ. "ಇರಬಹುದು ಸಾರ್. ಆದ್ರೆ ದೀಪ ಉರೀದಿದ್ರೆ ಅದು ಎಂಥ ಲೈಟ್‌ಹೌಸು? ಶುಕ್ರವಾರ ಆಳುಗಳನ್ನ ಕರ್ಕೊಂಡು ಬರ್ತೀನಿ. ಅಷ್ಟೊತ್ತಿಗೆ ಉರೀತಿದ್ರೆ ದೊಡ್ಡ ಸಾಹೇಬರಿಗೆ ಹೇಳ್ತೀನಿ. ಇಲ್ದಿದ್ರೆ ಗುದ್ದಲಿ."

ಜನ ವೃಷಭೇಂದ್ರಪ್ಪನವರ ಕಡೆ ತಿರುಗಿ ಸುಮ್ಮನಾದರು. ಕಾಯಿಲೆ ಮರುಕಳಿಸಿತು.

"ನಾನೇ ಹತ್ತಿ ಹಚ್ತೀನಿ ಹೋಗಯ್ಯ!"

ಶುಕ್ರವಾರ ಸಂಜೆ ಅವರು ಶುಭ್ರವಾದ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿ, ಎಣ್ಣೆಯ ತಪ್ಪಲೆ ಹಿಡಿದು ಹೊರಟಾಗ ಸುಂದರಮ್ಮ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದಳು: "ಈಗಲಾದ್ರೂ ಹೇಳಿಬಿಡಿ. ಕೆಂಚಮ್ಮನೇ ಹತ್ತಲಿ."

"ಏನು ಹೇಳೋದು? ಇದಕ್ಕೆ ಕಿಟಕಿ ಇಲ್ಲ ಕಣೇ," ಎಂದರು.

ಅದು ನಿಜ. ಬುರುಜಿನ ಒಳಗೆ ಕತ್ತಲೆ. ಹತ್ತಿದಷ್ಟೂ ಮುಂದಿನ ಮೆಟ್ಟಿಲು ಮಾತ್ರ ಕಾಣುತ್ತಿತ್ತು. ಅವರಿಗೆ ಧೈರ್ಯ ಬಂತು. ಒಂದು ವಚನವನ್ನೂ ಗುನುಗಿಕೊಂಡರು. ಆಮೇಲೆ ತಟ್ಟನೆ ಕತ್ತಲೆ ಮುಗಿದು ಮೈಸೂರು ಕಾಣಿಸಿತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಅರಮನೆಯ ಗುಮ್ಮಟ, ನಡುವೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಆಕಾಶ. ಕೆಳಗೆ ಹೋಟೆಲ್ ಲಿಂಗಯ್ಯ ಉದ್ದಿನಕಾಳಿನಷ್ಟು. ತಪ್ಪಲೆ ಕೈಯಿಂದ ಜಾರಿ ಎಣ್ಣೆಯೆಲ್ಲ ಹಣತೆಗೇ ಬಿತ್ತು. ಅದೊಂದೇ ಆ ಹೊತ್ತಿನ ದೈವಕೃಪೆ. ಮೊಣಕಾಲು ಕುಸಿದು, ವೃಷಭೇಂದ್ರಪ್ಪನವರು ಎರಡೂ ತೋಳಿನಲ್ಲಿ ಹಣತೆಯನ್ನು ತಬ್ಬಿ, ಕಣ್ಣು ಮುಚ್ಚಿ ಕೂತುಬಿಟ್ಟರು. ಬೆಂಕಿಪೆಟ್ಟಿಗೆ ಜೇಬಿನಲ್ಲೇ ಉಳಿಯಿತು.

ಕೆಳಗೆ ಸುಂದರೇಶ ಆಳುಗಳೊಂದಿಗೆ ಬಂದ. ದೀಪವಿರಲಿಲ್ಲ.

"ಸಾರ್! ಇಳಿದು ಬನ್ನಿ ಸಾರ್! ಕೆಲಸ ಶುರು ಮಾಡ್ಬೇಕು!"

ಮೇಲಿನಿಂದ ಉತ್ತರವಿಲ್ಲ. ಬಾಯಿ ತೆರೆದರೆ ಮಂಗಳೂರಿನ ಬಸ್ಸಿನಲ್ಲಾದದ್ದೇ ಇಲ್ಲಿಯೂ ಆಗುವ ಲಕ್ಷಣವಿತ್ತು. ಅವರು ಹಲ್ಲು ಕಚ್ಚಿಕೊಂಡಿದ್ದರು.

"ಮಾತಾಡ್ತಿಲ್ಲ," ಎಂದ ಒಬ್ಬ.

"ಕಣ್ಣೂ ಮುಚ್ಚವ್ರೆ," ಎಂದ ಇನ್ನೊಬ್ಬ.

ಲಿಂಗಯ್ಯ ಹೋಟೆಲಿನ ಗಲ್ಲಾ ಬಿಟ್ಟು ಓಡಿಬಂದ. ತಲೆಯೆತ್ತಿ ನೋಡಿದ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ಆಗ ಕಲಿತ ವಿದ್ಯೆಯನ್ನು ಬಳಸಲು ಅವಕಾಶವಿಲ್ಲದೆ ಊರು ಬೇಸತ್ತಿತ್ತು.

"ಮೌನವ್ರತ ಕಣ್ರಪ್ಪೋ! ಸತ್ಯಾಗ್ರಹ ಕೂತ್ಬುಟ್ರು ನಮ್ಮ ವೃಷಭೇಂದ್ರಪ್ನೋರು! ಇಳೀಯಾಕಿಲ್ಲ, ಬುರುಜು ಬಿದ್ರೆ ಜೊತೇಲೇ ಬೀಳ್ತಾರೆ!"

ಜಯಕಾರ ಎದ್ದಿತು. ಆಳುಗಳು ಗುದ್ದಲಿ ಕೆಳಗಿಟ್ಟು ತಾವೂ ಜಯಕಾರ ಹಾಕಿದರು. ಸಿದ್ದಲಿಂಗಮ್ಮನವರು ಬಾಳೆಹಣ್ಣಿನ ಚಿಪ್ಪು ತಂದರು. ನಿಂಗಯ್ಯ ಹಗ್ಗಕ್ಕೆ ಕಲ್ಲು ಕಟ್ಟಿ ಮೇಲಕ್ಕೆಸೆದು, ಕಟ್ಟೆಯ ಕೊಂಡಿಗೆ ಸಿಕ್ಕಿಸಿ, ಬಾಳೆಹಣ್ಣು ಏರಿಸಿದ. ಹಣ್ಣು ವೃಷಭೇಂದ್ರಪ್ಪನವರ ಮೂಗಿನ ಹತ್ತಿರ ತೂಗಾಡಿತು. ತೆಗೆದುಕೊಳ್ಳಬೇಕಾದರೆ ಹಣತೆಯಿಂದ ಒಂದು ಕೈ ಬಿಡಬೇಕು. ಅವರು ಬಿಡಲಿಲ್ಲ.

"ಉಪವಾಸಾನೂ ಹೌದು!" ಎಂದು ಲಿಂಗಯ್ಯ ಕೈಯೆತ್ತಿ ಸಾರಿದ.

ಭಜನೆಯವರು ಬಂದರು. ಕೆಂಚಮ್ಮನ ಕಡಲೆಕಾಯಿ ಅಷ್ಟೂ ಖರ್ಚಾಯಿತು. ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಇಡೀ ಗುಂಪಿನಲ್ಲಿ ಸುಮ್ಮನೆ ನಿಂತಿದ್ದವಳು ಸುಂದರಮ್ಮ ಒಬ್ಬಳೇ. ಅವಳು ಗಂಡ ಕೂತ ಭಂಗಿಯನ್ನು ಗುರುತಿಸಿದ್ದಳು.

"ಇದೇನ್ರೀ ಸುಂದರೇಶ್?" ಎಂದರು ಸಾಹೇಬರು.

"ಸಾರ್, ಲೈಟ್‌ಹೌಸು ಅಂತೆ... ಸೆಂಟ್ರಲ್ ಅಂತೆ..."

"ಸೆಂಟ್ರಲ್ಲೋ?" ಸಾಹೇಬರ ಮುಖ ಇಳಿಯಿತು. ಡೆಲ್ಲಿಗೆ ಪತ್ರ ಬರೆಯುವುದು ಒಂದು ಕಷ್ಟ. ಒಬ್ಬ ವಯಸ್ಸಾದ ಮನುಷ್ಯ ತಮ್ಮ ಗುದ್ದಲಿಯ ಮೇಲೆ ಬಿದ್ದ ಎಂದು ಬೆಂಗಳೂರಿಗೆ ಪತ್ರ ಬರೆಯುವುದು ಅದಕ್ಕಿಂತ ಕಷ್ಟ. ಅವರು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು:

"ಯಜಮಾನ್ರೇ! ಒಪ್ಪಿದೆವು! ಇದು ಲೈಟ್‌ಹೌಸೇ! ಆದ್ರೆ ಲೈಟ್‌ಹೌಸು ಅಂದ್ಮೇಲೆ ದೀಪ ಹಚ್ಚೋನು ಇರಬೇಕು. ನೀವೇ ಅದರ ದೀಪದವರು ಅಂತ ಮಾಡ್ತೀವಿ. ಕಾರ್ತಿಕದಲ್ಲಿ ದಿನಾ ಸಂಜೆ ನೀವೇ ಖುದ್ದು ಮೇಲೆ ಹತ್ತಿ ಹಚ್ಚಬೇಕು. ನಮ್ಮೋರು ಬಂದು ನೋಡ್ತಾರೆ. ಒಂದು ದಿನ ತಪ್ಪಿದ್ರೂ ಕೆಡವ್ತೀವಿ. ಒಪ್ಪಿಗೇನಾ?"

ವೃಷಭೇಂದ್ರಪ್ಪನವರ ತಲೆ ಅಲುಗಿತು. ನಿಜ ಹೇಳಬೇಕೆಂದರೆ ಅವರ ಇಡೀ ಮೈ ಅಲುಗುತ್ತಿತ್ತು. ತಲೆ ಅದರ ಒಂದು ಭಾಗ.

"ಒಪ್ಪಿದ್ರು!" ಎಂದು ಜನ ಕೂಗಿದರು. "ಇಳಿದು ಬನ್ನಿ!"

ಅವರು ಇಳಿಯಲಿಲ್ಲ.

ಸಾಹೇಬರು ಗಾಬರಿಯಾದರು. "ಇನ್ನೇನಂತೆ?"

ಲಿಂಗಯ್ಯ ಗಡ್ಡ ಕೆರೆದುಕೊಂಡ. "ಕೆಂಚಮ್ಮನ ಕೋಣೆ ವಿಷ್ಯ ಇರ್ಬೇಕು ಸ್ವಾಮಿ."

"ಕೋಣೆ ಅವಳಿಗೇ! ಯಾರೂ ಎಬ್ಬಿಸಲ್ಲ!"

ಇಳಿಯಲಿಲ್ಲ.

"ಬೀದಿಗೊಂದು ನಲ್ಲಿ ಕೇಳಿ ನಾಕು ವರ್ಷ ಆಯ್ತು," ಎಂದರು ಸಿದ್ದಲಿಂಗಮ್ಮನವರು, ಯಾರನ್ನೂ ನೋಡದೆ.

"ನಲ್ಲಿ ಹಾಕಿಸ್ತೀನಿ! ಇಳೀರಿ ಸ್ವಾಮಿ!"

ಇಳಿಯಲಿಲ್ಲ. ಲಿಂಗಯ್ಯ ತನ್ನ ಹೋಟೆಲಿನ ಮುಂದಿನ ಚರಂಡಿಯ ವಿಚಾರ ಎತ್ತಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಸುಂದರಮ್ಮ ಗುಂಪು ದಾಟಿ ಕೆಂಚಮ್ಮನ ಬಳಿಗೆ ಹೋದಳು. ಕಿವಿಯಲ್ಲಿ ಏನೋ ಹೇಳಿದಳು. ಕೆಂಚಮ್ಮ ಕಣ್ಣರಳಿಸಿ ಒಮ್ಮೆ ಮೇಲಕ್ಕೆ ನೋಡಿದಳು, ನಗಲಿಲ್ಲ.

"ನಮ್ಮಣ್ಣನ ಮನೇಲಿ ಗಾಣ ಅದೆ ಕಣವ್ವ. ಎತ್ತಿಗೆ ಕಣ್ಣು ಕಟ್ಟದೆ ಅದು ಸುತ್ತಾಕಿಲ್ಲ," ಎಂದವಳೇ ಮೆಟ್ಟಿಲು ಹತ್ತಿದಳು.

ಸ್ವಲ್ಪ ಹೊತ್ತಿಗೆ ಬುರುಜಿನ ಬಾಗಿಲಲ್ಲಿ ವೃಷಭೇಂದ್ರಪ್ಪನವರು ಕಾಣಿಸಿದರು. ಅವರದೇ ವಲ್ಲಿ ಅವರ ಕಣ್ಣಿಗೆ ಬಿಗಿದಿತ್ತು. ಮುಂದೆ ಕೆಂಚಮ್ಮ ಅವರ ಕೈ ಹಿಡಿದಿದ್ದಳು. ಗುಂಪು ಕತ್ತು ಚಾಚಿತು.

"ಬುರುಜು ಕೆಡವೋಕೆ ಬಂದೋರ ಮುಖ ನೋಡಲ್ಲ ಅಂತ ಪಣ!" ಎಂದು ಲಿಂಗಯ್ಯನೇ ವಿವರಿಸಿದ. ಸಾಹೇಬರು ನಾಚಿ ಜೀಪು ಹತ್ತಿದರು.

ಹಾರ ತುರಾಯಿಗಳಾದವು. ನಲ್ಲಿ ಬಂತು, ಅದರಲ್ಲಿ ಒಮ್ಮೊಮ್ಮೆ ನೀರೂ ಬಂತು. ವೃಷಭೇಂದ್ರಪ್ಪನವರು ಮಾತ್ರ ಹೋಟೆಲಿನಲ್ಲಿ ಬುರುಜಿಗೆ ಬೆನ್ನು ಮಾಡಿ ಕೂರತೊಡಗಿದರು. ಮಂಗಳೂರಿನ ಮಾತು ನಿಂತುಹೋಯಿತು. ದಸರಾ ಮುಗಿಯಿತು, ದೀಪಾವಳಿ ಹತ್ತಿರ ಬಂತು. ಅವರಿಗೆ ಊಟ ಸೇರದಾಯಿತು.

ಕಾರ್ತಿಕದ ಮೊದಲ ದಿನ ಮಧ್ಯಾಹ್ನ ಕೆಂಚಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಯಜಮಾನ್ರೇ, ಜ್ವರ ಅಂತ ಮಲೀಕಳಿ. ನಾನೇ ಅತ್ತಿ ಅಚ್ತೀನಿ. ನಮ್ಮಾವ ಅಚ್ಚಿದ್ದೇ ಅಲ್ವಾ."

"ಆ ಸುಂದರೇಶ ನಿಂತು ನೋಡ್ತಾನಲ್ಲ. ಮೇಲೆ ನನ್ನ ಮುಖ ಕಾಣಬೇಕು ಅವನಿಗೆ."

"ಎರಡು ದಿನ ಗಡುವು ಕೊಡ್ತಾನೆ ಬುಡಿ. ಇಲ್ದಿದ್ರೆ... ಕೋಣೆ ಓದ್ರೆ ಓಗ್ಲಿ. ನಿಮ್ಮ ಜೀವ ದೊಡ್ಡದು."

ವೃಷಭೇಂದ್ರಪ್ಪನವರು ಸುತ್ತ ನೋಡಿದರು. ಹಿತ್ತಲಲ್ಲಿ ಕೆಂಚಮ್ಮ, ಸುಂದರಮ್ಮ, ಒಂದು ತುಳಸಿಗಿಡ. ಗುಂಪಿರಲಿಲ್ಲ. ಯಾರೂ ಸುಮ್ಮನೆ ಕಾಯುತ್ತಿರಲಿಲ್ಲ. ಮಾತು ಕೊಡುವುದಕ್ಕೆ ಯಾವ ಕಾರಣವೂ ಇರಲಿಲ್ಲ.

"ಹತ್ತೀನಿ ಕಣಮ್ಮ," ಎಂದರು. ದನಿ ಬಹಳ ಚಿಕ್ಕದಾಗಿತ್ತು.

ಸುಂದರಮ್ಮ ಒಳಗೆ ಹೋಗಿ ಒಂದು ಹೊಸ ವಲ್ಲಿ ತಂದಳು. ಅಂಚಿಲ್ಲದ್ದು, ದಪ್ಪನೆಯದು, ಕಡುಗಪ್ಪು ಬಣ್ಣ ಹಾಕಿಸಿದ್ದು. ಬಣ್ಣಕ್ಕೆ ಯಾವಾಗ ಕೊಟ್ಟಿದ್ದಳೋ ಗಂಡನಿಗೆ ಗೊತ್ತಿರಲಿಲ್ಲ.

"ಬಿಳೀದ್ರಲ್ಲಿ ಬೆಳಕು ಕಾಣ್ತದೆ," ಎಂದಳು. ಅಷ್ಟೇ.

ಸಂಜೆ ಬೀದಿಗೆ ಬೀದಿಯೇ ನೆರೆದಿತ್ತು. ಸುಂದರೇಶ ಸೈಕಲ್ಲಿಗೆ ಒರಗಿ ಕತ್ತೆತ್ತಿ ನಿಂತಿದ್ದ. ಕೆಂಚಮ್ಮ ಮುಂದೆ, ವೃಷಭೇಂದ್ರಪ್ಪನವರು ಹಿಂದೆ. ಕತ್ತಲೆ ಮುಗಿದು ಆಕಾಶ ಬಂದಾಗ ಅವರ ಮೊಣಕಾಲು ಹಳೆಯ ಪಾಠವನ್ನೇ ಒಪ್ಪಿಸಿತು. ಅವರು ಕೂತೇ ಮುಂದಕ್ಕೆ ಸರಿದರು. ಕೂತೇ ಎಣ್ಣೆ ಹೊಯ್ದು ಬತ್ತಿ ಇಟ್ಟರು. ಮೊದಲ ಕಡ್ಡಿ ಮುರಿಯಿತು. ಎರಡನೆಯದನ್ನು ಗಾಳಿ ಆರಿಸಿತು. ಮೂರನೆಯದು ಅವರ ಬೆರಳು ಸುಟ್ಟಿತು. ಕೆಂಚಮ್ಮ ಕೈ ಚಾಚಿದಳು, ಅವರು ತಲೆಯಾಡಿಸಿದರು. ಈ ಸಲ ಅಲುಗಿದ್ದು ತಲೆ ಮಾತ್ರ.

ಮತ್ತೊಂದು ಕಡ್ಡಿ ಗೀಚಿ, ಬತ್ತಿಗೆ ಹಿಡಿದು, ಕಣ್ಣು ಮುಚ್ಚಿಕೊಂಡರು.

"ಹತ್ತಿತೇನಮ್ಮ?"

"ಅತ್ಕಂಡದೆ ಯಜಮಾನ್ರೇ. ನೋಡಿ ಬೇಕಾದ್ರೆ."

ಕೆಳಗಿನಿಂದ ಕೇಕೆ ಎದ್ದಿತು. ದೂರ, ನಂಜನಗೂಡಿನ ಕಡೆಯ ಕತ್ತಲೆಯಿಂದ ನಿಂಗಯ್ಯನ ದನಿ, ಎತ್ತುಗಳಿಗೆ ಹೇಳುವುದು: "ಊರು ಬಂತು, ನಡೀರ್ಲಾ."

"ನೋಡೋದು ಆಮೇಲೆ. ಮೊದಲು ಕಟ್ಟು," ಎಂದರು ವೃಷಭೇಂದ್ರಪ್ಪನವರು.

ದೀಪದ ಬೆಳಕಿನಲ್ಲಿ ಅವರ ಕಣ್ಣಿಗೆ ಕಪ್ಪು ವಲ್ಲಿ ಬಿಗಿಯುವುದು ಕೆಳಗಿನವರಿಗೆಲ್ಲ ಕಂಡಿತು. ಸುಂದರೇಶ ಬೆರಗಾಗಿ ಅದೇನೆಂದು ಸಿದ್ದಲಿಂಗಮ್ಮನವರನ್ನು ಕೇಳಿದ.

"ಅಷ್ಟೂ ಗೊತ್ತಿಲ್ವಾ ನಿಂಗೆ?" ಎಂದರು ಆಕೆ. "ದೀಪ ಹಚ್ಚಿದೋರು ಕಣ್ಣು ಕಟ್ಕೊಂಡೇ ಇಳೀಬೇಕು ಕಣಪ್ಪ. ಹಿಂದಿನಿಂದ ಬಂದ ಪದ್ಧತಿ. ನಮ್ಮತ್ತೆ ಹೇಳ್ತಿದ್ರು."

ಬುರುಜಿನ ಬಾಗಿಲಲ್ಲಿ ಕಾದಿದ್ದ ಸುಂದರಮ್ಮ ಗಂಡನ ಕಣ್ಣಿನ ಕಟ್ಟು ಬಿಚ್ಚಿದಳು. ವಲ್ಲಿ ಬೆವರಿಗೆ ಒದ್ದೆಯಾಗಿ, ಬಣ್ಣ ಬಿಟ್ಟು, ಅವರ ಹಣೆಯ ವಿಭೂತಿಯನ್ನೆಲ್ಲ ಕಪ್ಪು ಮಾಡಿತ್ತು. ಅವರು ಅದನ್ನು ಹಿಂಡಿ, ಎರಡು ಸಲ ಕೊಡವಿ, ಅವಳ ಕೈಗೆ ಕೊಟ್ಟರು.

"ಒಗೆದು ಒಣಗಿಸಿಡೇ. ನಾಳೆಗೂ ಬೇಕು."